ಅಟ್ಟೆಗೆ ಎಷ್ಟು ಹೂವಂತೆ

“ನೆಟ್‌ನಲ್ಲಿ ಉಂಟು ಸರ್.”

ಈ ಮೂರು ಪದ ಕಿವಿಗೆ ಬಿದ್ದರೆ ನನಗೆ ಈಗಲೂ ಮಂಡೆಬಿಸಿ ಆಗುತ್ತದೆ. ನೆಟ್‌ನಲ್ಲಿ ಅಂದರೆ ಎಲ್ಲಿ? ಯಾರು ಬರೆದದ್ದು? ಅವರಿಗೆ ಹೇಗೆ ಗೊತ್ತಾಯಿತು? ಹೀಗೆಲ್ಲ ಕೇಳಿ ನೋಡಿ, ಮಕ್ಕಳು ನಿಮ್ಮನ್ನೇ ‘ಅಯ್ಯೋ ಪಾಪ’ ಎಂಬಂತೆ ನೋಡುತ್ತಾರೆ. ಮೊಬೈಲನ್ನು ತಂದು ನಿಮ್ಮ ಮೂಗಿನ ಹತ್ತಿರ ಹಿಡಿಯುತ್ತಾರೆ. “ಇಲ್ಲಿ ನೋಡಿ ಸರ್, ಉಂಟಲ್ಲ!” ನಮ್ಮ ಉಡುಪಿ ಕಡೆಯ ಕನ್ನಡದಲ್ಲಿ ಈ ‘ಉಂಟು’ ಬಹಳ ಗಟ್ಟಿ ಶಬ್ದ. ಅಂಗಡಿಯವರು ಉಂಟು ಅಂದರೆ ಸಾಮಾನು ಉಂಟು. ಕಂಡಕ್ಟರ್ ‘ಸೀಟು ಉಂಟು’ ಅಂದರೆ ಮಾತ್ರ ಇರುವುದಿಲ್ಲ, ಅದು ಬೇರೆ ವಿಷಯ.

ನಾನು ಮಣಿಪಾಲದ ಗುಡ್ಡದ ಮೇಲಿನ ಒಂದು ಕಾಲೇಜಿನ ಗ್ರಂಥಪಾಲಕ. ಮನೆ ಕಾಪುವಿನಲ್ಲಿ. ಮೊದಲು ಕೆಲವು ವರ್ಷ ಕಾರ್ಕಳದಲ್ಲಿ ಇದ್ದೆ, ಆಮೇಲೆ ಇಲ್ಲಿಗೆ ಬಂದವನು ಇಲ್ಲೇ ಮುದುಕನಾದೆ. ಪುಸ್ತಕ ಕೇಳಿಕೊಂಡು ಬರುವವರು ಈಗ ಕಡಿಮೆ. ಬರುವವರೆಲ್ಲ ಎ.ಸಿ.ಗೆ ಬರುವುದು, ಚಾರ್ಜರ್ ಚುಚ್ಚುವುದಕ್ಕೆ ಬರುವುದು. ಆದರೆ ವರ್ಷಕ್ಕೊಮ್ಮೆ ಎಲ್ಲರೂ ನನ್ನ ಮೇಜಿನ ಮುಂದೆ ಸಾಲು ನಿಲ್ಲಲೇಬೇಕು. ಎಂ.ಎ. ಮಕ್ಕಳ ಕಿರುಪ್ರಬಂಧಕ್ಕೆ ಗ್ರಂಥಾಲಯದ ದೃಢೀಕರಣ ಪತ್ರ ಬೇಕು. ಕದ್ದು ಬರೆದದ್ದಲ್ಲ, ಕೊಟ್ಟ ಆಕರಗಳು ನಿಜವಾಗಿ ಇವೆ ಎಂದು ನಾನು ನೋಡಿ ಸಹಿ ಹಾಕಬೇಕು. ನನ್ನ ಸಹಿ ಇಲ್ಲದೆ ಪ್ರಬಂಧವನ್ನು ಆಫೀಸಿನಲ್ಲಿ ತೆಗೆದುಕೊಳ್ಳುವುದಿಲ್ಲ. ಆ ಎರಡು ತಿಂಗಳು ನನ್ನ ರಕ್ತದೊತ್ತಡ ಎಷ್ಟು ಎಂದು ನಾನು ನೋಡಿಸುವುದಿಲ್ಲ.

ಆ ಸಲ ಬಂದವಳು ಎರ್ಮಾಳಿನ ಒಬ್ಬಳು ಹುಡುಗಿ. ಅಮ್ಮ ಮೀನು ಮಾರುವವರು, ಅಪ್ಪ ಬೋಟಿಗೆ ಹೋಗುವವರು, ಮನೆಮಾತು ತುಳು. ಮಾತು ಕಡಿಮೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು “ಆಯಿತು ಸರ್” ಎನ್ನುವ ಜಾತಿ. ಅವಳ ಪ್ರಬಂಧ ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಹೆಂಗಸರ ಕೆಲಸದ ಬಗ್ಗೆ. ಒಂದು ಅಟ್ಟೆ ಹೂ ಕಟ್ಟುವುದಕ್ಕೆ ಒಬ್ಬಳ ಎಷ್ಟು ಹೊತ್ತು ಹೋಗುತ್ತದೆ, ಮನೆಕೆಲಸದ ಮಧ್ಯೆ ಅವಳು ಆ ಹೊತ್ತನ್ನು ಹೇಗೆ ಹೊಂದಿಸುತ್ತಾಳೆ, ಅದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮಲ್ಲಿ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಸುತ್ತಿದರೆ ಚೆಂಡು. ನಾವು ನೀವು ಅಂಗಡಿಯಲ್ಲಿ ಕೊಳ್ಳುವುದು ಚೆಂಡು. ಅಟ್ಟೆ ಎಂಬುದು ಬೆಳೆಯುವವರ, ವ್ಯಾಪಾರದವರ ಮಾತು, ದೊಡ್ಡ ಕಟ್ಟು.

ಮೊದಲ ಸಲ ಅವಳು ಕರಡು ತಂದಾಗ ನಾನು ಕೊನೆಯ ಪುಟಗಳನ್ನು ತಿರುಗಿಸಿದೆ. ನಾನು ಯಾವತ್ತೂ ಹಾಗೆಯೇ, ಹಿಂದಿನಿಂದ ಓದುವವನು. ಅಟ್ಟೆಯ ಲೆಕ್ಕಕ್ಕೆ ಅವಳು ಕೊಟ್ಟ ಆಕರ ಹೀಗಿತ್ತು: ‘ಹೂ ಕಟ್ಟುವ ಒಬ್ಬರು ಹಿರಿಯರು ಹೇಳಿದ್ದು, ನಾನೇ ಎಣಿಸಿದ್ದು.’

“ಎಂತ ಇದು?” ಅಂದೆ.

“ನಾನು ಅಲ್ಲಿ ಹೋಗಿ ಕೂತು ಎಣಿಸಿದ್ದು ಸರ್. ನೋಟ್‌ಬುಕ್ಕು ಉಂಟು.”

“ಅಜ್ಜಿ ಹೇಳಿದ್ದು, ನೀನು ಎಣಿಸಿದ್ದು ಎಲ್ಲ ಆಕರವಾ ಮಾರಾಯ್ತಿ? ನಾಳೆ ಪರೀಕ್ಷಕರು ಕೇಳಿದರೆ ಅಜ್ಜಿಯನ್ನು ಕರಕೊಂಡು ಬರುತ್ತೀಯಾ? ಅಚ್ಚಾದದ್ದು ಬೇಕು. ಪುಟಸಂಖ್ಯೆ ಬೇಕು.”

ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದೆ. ಅವಳು ಬರೆದ ಸಂಖ್ಯೆ ಎಷ್ಟು ಎಂದು ನಾನು ನೋಡಲೇ ಇಲ್ಲ. ಸಾಲಿನಲ್ಲಿ ಹಿಂದೆ ಏಳೆಂಟು ಮಂದಿ ನಿಂತಿದ್ದರು. ಅವಳು “ಆಯಿತು ಸರ್” ಎಂದು ಹೋದಳು.

ಎರಡನೆಯ ಸಲ ಬಂದಾಗ ಆಕರದ ಜಾಗದಲ್ಲಿ ಒಂದು ವೆಬ್‌ಸೈಟಿನ ಉದ್ದದ ವಿಳಾಸ ಇತ್ತು. ಬರೆದವರ ಹೆಸರಿಲ್ಲ, ತಾರೀಕಿಲ್ಲ. ಮೇಲೆ ಮಲ್ಲಿಗೆಯ ಫೋಟೋ, ಕೆಳಗೆ ಕೂದಲಿಗೆ ಹಚ್ಚುವ ಎಣ್ಣೆಯ ಜಾಹೀರಾತು. ನನಗೆ ಪಿತ್ತ ನೆತ್ತಿಗೇರಿತು. “ಇವರಿಗೆ ಯಾರು ಹೇಳಿದರು?” ಎಂದು ಕೇಳಿದರೆ ಗೊತ್ತಿಲ್ಲ. ಹಿಂತಿರುಗಿಸಿದೆ.

ಮೂರನೆಯ ಸಲ ಬಂದದ್ದನ್ನು ಮಾತ್ರ ನಾನು ಸಾಯುವತನಕ ಮರೆಯುವುದಿಲ್ಲ. ಈ ಸಲ ಒಂದು ಪುಸ್ತಕದ ಹೆಸರು. ಲೇಖಕರು ಇದ್ದಾರೆ, ಡಾಕ್ಟರೇಟ್ ಆದವರು ಬೇರೆ. ಪ್ರಕಾಶನ ಉಡುಪಿಯದ್ದು, ಇಸವಿ ಉಂಟು, ಪುಟಸಂಖ್ಯೆಯೂ ಉಂಟು. ನನಗೆ ಖುಷಿಯೇ ಆಯಿತು. ನಮ್ಮ ಊರಿನ ಮಲ್ಲಿಗೆಯ ಮೇಲೆ ನಾನು ನೋಡದ ಪುಸ್ತಕವಾ! ನಮ್ಮ ಕಂಪ್ಯೂಟರಿನಲ್ಲಿ ಹುಡುಕಿದೆ, ಇಲ್ಲ. ಬೇರೆ ಎರಡು ಗ್ರಂಥಾಲಯಕ್ಕೆ ಫೋನು ಮಾಡಿದೆ, ಇಲ್ಲ. ಉಡುಪಿಯಲ್ಲಿ ಹಳೆಯ ಪುಸ್ತಕ ಮಾರುವವರೊಬ್ಬರಿದ್ದಾರೆ, ಅವರ ಹತ್ತಿರ ಹೋಗಿ ಕೇಳಿದರೆ “ಅಂಥ ಪ್ರಕಾಶನವೇ ಇಲ್ಲ ಮಾರಾಯ್ರೆ” ಅಂದರು. ಮಾರನೆಯ ದಿನ ಅವಳನ್ನು ಕರೆದು ಕೇಳಿದೆ, ಈ ಪುಸ್ತಕವನ್ನು ನೀನು ಕಣ್ಣಾರೆ ನೋಡಿದ್ದೀಯಾ?

“ಇಲ್ಲ ಸರ್. ಅಚ್ಚಾದ ಆಕರ ಬೇಕು ಅಂತ ಎ.ಐ. ಹತ್ತಿರ ಕೇಳಿದೆ. ಅದು ಕೊಟ್ಟಿತು.”

ಕರ್ಮ! ಇಲ್ಲದ ಪುಸ್ತಕ, ಹುಟ್ಟದ ಲೇಖಕ, ಅದರ ಮೇಲೆ ಪುಟಸಂಖ್ಯೆ! ನಾನು ಕಿರುಚಿದೆ. ಗ್ರಂಥಾಲಯದಲ್ಲಿ ಗಲಾಟೆ ಮಾಡಬೇಡಿ ಎಂದು ಬೋರ್ಡು ಬರೆಸಿದವನು ನಾನೇ, ನಾನೇ ಕಿರುಚಿದೆ. ಇಷ್ಟು ವರ್ಷ ಓದಿ ನಿಮಗೆ ಬಂದದ್ದು ಎಂತ? ಬೇಕಾದ್ದನ್ನು ಕೇಳುವುದು, ಸಿಕ್ಕಿದ್ದನ್ನು ಅಂಟಿಸುವುದು, ಅಷ್ಟೆಯಾ? ಅವಳ ಕಣ್ಣಲ್ಲಿ ನೀರು ಬಂತು. ಆಗ ಹೇಳಿದಳು: ಸೋಮವಾರ ಸಂಜೆ ಐದರ ಒಳಗೆ ಪ್ರಬಂಧ ಆಫೀಸಿಗೆ ಹೋಗದಿದ್ದರೆ ಈ ಸಲದ ಪರೀಕ್ಷೆ ಇಲ್ಲ, ಮುಂದಿನ ವರ್ಷವೇ.

“ಇನ್ನೊಂದು ವರ್ಷ ಅಂದರೆ ಅಮ್ಮ ಕಳಿಸುವುದಿಲ್ಲ ಸರ್. ಈಗಲೇ ಮೀನಿನ ಬುಟ್ಟಿ ಹಿಡಿ ಅಂತ ಹೇಳುತ್ತಿದ್ದಾರೆ.”

ಅವತ್ತು ಮಂಗಳವಾರ. ನನಗೆ ಕೆಟ್ಟದೆನಿಸಿತು. ಆದರೆ ಸುಳ್ಳಿಗೆ ಸಹಿ ಹಾಕುವುದು ಹೇಗೆ? ಸ್ವಲ್ಪ ಮೆತ್ತಗಾಗಿ ಹೇಳಿದೆ: “ನೋಡು, ಆ ವೆಬ್‌ಸೈಟಿನವರು ಎಲ್ಲಿಂದಲೋ ತೆಗೆದಿರಬೇಕು. ಅಲ್ಲಿಗೆ ಹೋಗು. ಅವರು ಮತ್ತೆಲ್ಲಿಂದಲೋ ತೆಗೆದಿರುತ್ತಾರೆ, ಅಲ್ಲಿಗೂ ಹೋಗು. ಮೊದಲು ಬರೆದವರು ಯಾರು ಎಂದು ಸಿಗುವತನಕ ಬಿಡಬೇಡ. ಹುಡುಕುವುದು ಅಂದರೆ ಅದು.” ಅವಳು ಎಂದಿನ ಹಾಗೆ “ಆಯಿತು ಸರ್” ಅಂದಳು.

ಶುಕ್ರವಾರ ಮಧ್ಯಾಹ್ನ ಬಂದಳು. ಬೆವತುಹೋಗಿದ್ದಳು, ಆದರೆ ಮುಖದಲ್ಲಿ ಬೆಳಕಿತ್ತು. “ಸರ್, ಆಕರ ಸಿಕ್ಕಿತು.” ಮೂರು ದಿನದಲ್ಲಿ ಅವಳು ಮಾಡಿದ ಕೆಲಸವನ್ನು ನಮ್ಮ ಅಧ್ಯಾಪಕರಲ್ಲಿ ಎಷ್ಟು ಮಂದಿ ಮಾಡಿಯಾರು, ದೇವರೇ ಬಲ್ಲ. ವೆಬ್‌ಸೈಟಿನ ವಾಕ್ಯವನ್ನು ಹಿಡಿದುಕೊಂಡು ಹೋಗಿ ಒಂದು ಹಳೆಯ ವಾರಪತ್ರಿಕೆಯ ಅಂಕಣ ಪತ್ತೆ ಮಾಡಿದ್ದಳು. ಅಕ್ಷರಕ್ಕೆ ಅಕ್ಷರ ಅದೇ ವಾಕ್ಯ. ಆ ಅಂಕಣದ ಕೊನೆಯಲ್ಲಿ ಕಾರ್ಕಳದ ಒಂದು ಯುವಕ ಮಂಡಲದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಹೆಸರಿತ್ತು. ಕಾರ್ಕಳಕ್ಕೆ ಬಸ್ಸು ಹತ್ತಿದಳು. ಮಂಡಲದ ಹಳೆಯ ಕಾರ್ಯದರ್ಶಿಯ ಮನೆ ಹುಡುಕಿ, ಕಬ್ಬಿಣದ ಕಪಾಟು ತೆಗೆಸಿ, ಗೆದ್ದಲು ಹಿಡಿದ ಕಟ್ಟುಗಳ ಮಧ್ಯದಿಂದ ಆ ಸಂಚಿಕೆ ಎಳೆದು ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದಳು.

ಜೆರಾಕ್ಸನ್ನು ಮೇಜಿನ ಮೇಲಿಟ್ಟಳು. ಗೆರೆ ಹಾಕಿದ ವಾಕ್ಯ: ‘ಒಂದು ಅಟ್ಟೆಯಲ್ಲಿ ಎಂಟುನೂರು ಹೂಗಳಿರುತ್ತವೆ.’ ಲೇಖನದ ತಲೆಯಲ್ಲಿ ಲೇಖಕರ ಹೆಸರು ಇತ್ತು. ನನ್ನ ಹೆಸರು.

“ನೀವೇ ಬರೆದದ್ದು ಅಲ್ವಾ ಸರ್?” ಅಂದಳು. ಅದರಲ್ಲಿ ಕುಹಕ ಇರಲಿಲ್ಲ. ನನಗೆ ಸಂತೋಷವಾಗುತ್ತದೆ ಎಂದೇ ತಿಳಿದಿದ್ದಳು.

ಆ ಲೇಖನವನ್ನು ನಾನು ಮರೆತೇಬಿಟ್ಟಿದ್ದೆ. ಕಾರ್ಕಳದಲ್ಲಿದ್ದಾಗ ಮಂಡಲದ ಹುಡುಗರು ಬಂದು ಎರಡು ಪುಟ ತುಂಬಿಸಿ ಕೊಡಿ ಅಂದಿದ್ದರು, ಜಿಲ್ಲೆಯ ಹೂಗಳ ಬಗ್ಗೆ ಏನೋ ಗೀಚಿ ಕೊಟ್ಟಿದ್ದೆ. ಈಗ ನೋಡುತ್ತಾ ಕೂತಾಗ ಒಂದು ಬಸ್ಸು ನೆನಪಾಯಿತು. ಶನಿವಾರ ಊರಿಗೆ ಬರುವ ಬಸ್ಸು. ಡ್ರೈವರನ ಪಕ್ಕ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಕಟ್ಟುಗಳು, ಬಸ್ಸಿಡೀ ಪರಿಮಳ. ಪಕ್ಕದಲ್ಲಿ ಕೂತಿದ್ದವರನ್ನು ನಾನು ಸುಮ್ಮನೆ ಕೇಳಿದ್ದೆ, ಒಂದು ಅಟ್ಟೆಯಲ್ಲಿ ಎಷ್ಟು ಹೂ ಇರಬಹುದು? ಅವರು ಕಿಟಕಿಯಿಂದ ಮುಖ ತಿರುಗಿಸದೆ ಏನೋ ಒಂದು ಸಂಖ್ಯೆ ಹೇಳಿದ್ದರು. ಅವರು ಯಾರು, ಎಂತ ಕೆಲಸ, ನನಗೆ ಗೊತ್ತಿಲ್ಲ.

“ನೀನು ಎಣಿಸಿದಾಗ ಎಷ್ಟು ಸಿಕ್ಕಿತ್ತು?” ಎಂದು ಮೆಲ್ಲಗೆ ಕೇಳಿದೆ.

ಅವಳು ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದಳು. ಎಂಟುನೂರು ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅದರ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ.

“ಇದನ್ನು ಯಾಕೆ ಹೊಡೆದು ಹಾಕಿದ್ದು?”

“ಅಚ್ಚಾದದ್ದರಲ್ಲಿ ಬೇರೆ ಉಂಟಲ್ಲ ಸರ್. ನನ್ನದು ತಪ್ಪಿರಬೇಕು ಅಂತ ಟೇಬಲ್ ಎಲ್ಲ ತಿದ್ದಿದೆ.”

ಟೇಬಲ್ ನೋಡಿದೆ. ನೂರು ಹೂ ಕಟ್ಟುವುದಕ್ಕೆ ಎಷ್ಟು ಹೊತ್ತು ಎಂದು ಅವಳು ಮೊಬೈಲಿನ ಗಡಿಯಾರ ಹಿಡಿದು ನೋಡಿದ್ದಳು. ಅದನ್ನು ಅಟ್ಟೆಯ ಹೂವಿನ ಲೆಕ್ಕದಿಂದ ಗುಣಿಸಿದ್ದಳು. ನನ್ನ ಎಂಟುನೂರಕ್ಕೆ ಗುಣಿಸಿದಾಗ ಹೆಂಗಸರ ಇಡೀ ಬೆಳಗಿನ ಕೆಲಸ ಕಾಲು ಭಾಗಕ್ಕೆ ಇಳಿದಿತ್ತು. ಅಕ್ಕಿ ಬೇಯುವಷ್ಟರಲ್ಲಿ ಅಟ್ಟೆ ಮುಗಿಸಿ ಎದ್ದು ಕೈ ಒರೆಸಿಕೊಳ್ಳುತ್ತಾರೆ ಎಂದು ಆಗಿತ್ತು. ಆ ಜಗಲಿಯಲ್ಲಿ ಕೂತು ಅವರ ಸೊಂಟನೋವಿನ ಕತೆ ಕೇಳಿ ಬಂದ ಹುಡುಗಿ, ನನ್ನ ಎರಡು ಪುಟದ ಮುಂದೆ ಅದನ್ನೆಲ್ಲ ಅಳಿಸಿದ್ದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಯಾರ ಮೇಲೆ ಎಂದು ತಿಳಿಯದೆ ಪೆನ್ನಿನ ಮುಚ್ಚಳ ಕಚ್ಚಿ ಮುರಿದೆ.

ಆದರೂ ನೋಡಿ, ನನ್ನ ಹುಳುಕು ಬುದ್ಧಿ! ಅವಳದ್ದೇ ತಪ್ಪಿರಲಿ ಎಂದು ಒಳಗಿನಿಂದ ಒಂದು ಆಸೆ. “ನಾಳೆ ಬೆಳಿಗ್ಗೆ ಶಂಕರಪುರಕ್ಕೆ ಹೋಗುವ, ಇನ್ನೊಮ್ಮೆ ಕೇಳುವ” ಅಂದೆ.

ಶನಿವಾರ ಕಟಪಾಡಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಹೋದೆವು. ಆ ಮನೆಯವರು ಕೊಂಕಣಿ ಮಾತಾಡುವ ಕ್ರೈಸ್ತರು. ಜಗಲಿಯಲ್ಲಿ ಒದ್ದೆ ಬಟ್ಟೆಯ ಮೇಲೆ ಮೊಗ್ಗು ಹರಡಿ ಬಾಯಮ್ಮ, ಅಂದರೆ ಆ ಮನೆಯ ಹಿರಿಯರು, ಸೊಸೆಯೊಡನೆ ಕೂತು ಕಟ್ಟುತ್ತಿದ್ದರು. ಹುಡುಗಿಯನ್ನು ಕಂಡು “ಬಾ ಮಗಾ” ಎಂದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ “ಕೂತುಕೊಳ್ಳಿ ಮಾಷ್ಟ್ರೇ” ಎಂದರು. ಕೈ ಮಾತ್ರ ನಿಲ್ಲಲಿಲ್ಲ.

“ಅಟ್ಟೆಗೆ ಎಂಟುನೂರು ಹೂ ಅಲ್ವಾ ಬಾಯಮ್ಮ?”

“ಯಾರು ಹೇಳಿದ್ದು?”

“ಪುಸ್ತಕದಲ್ಲಿ ಉಂಟು” ಅಂದೆ. ಅಂದ ಮೇಲೆ ನನಗೇ ಕೇಳಿಸಿತು, ನಾನು ಎಂತ ಹೇಳಿದೆ ಎಂದು.

ಬಾಯಮ್ಮ ಸೊಸೆಯ ಕಡೆ ತಿರುಗಿದರು. “ಬುಕಾಂತ್ ಆಸಾ ಖಂಯ್!” ಎಂದರು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಪುಸ್ತಕದಲ್ಲಿ ಉಂಟಂತೆ ಎಂದು ಅದರ ಅರ್ಥ. ಕೊಂಕಣಿಯಲ್ಲಿ ‘ಖಂಯ್’ ಅಂದರೆ ‘ಅಂತೆ’. ತಾನು ಕಂಡದ್ದಲ್ಲ, ಯಾರೋ ಹೇಳಿದ್ದು ಎಂದರೆ ಅವರು ಆ ಬಾಲ ಸೇರಿಸದೆ ಮಾತು ಮುಗಿಸುವುದಿಲ್ಲ. ನಾನು ಎದುರಿಗೇ ಕೂತು ಹೇಳಿದ್ದಕ್ಕೂ ಸೇರಿಸಿದರು.

“ಬರೆದವರು ಒಂದು ದಿವಸ ಬಂದು ಕಟ್ಟಲಿ ಮಾಷ್ಟ್ರೇ. ಆಮೇಲೆ ಬರೆಯಲಿ” ಅಂದರು ಬಾಯಮ್ಮ. ಕಟ್ಟಿ ಮುಗಿದ ಒಂದು ಚೆಂಡನ್ನು ನನ್ನ ಮಡಿಲಿಗೆ ಹಾಕಿದರು. “ಎಣಿಸಿ.”

ಎಣಿಸಿದೆ. ಇನ್ನೂರರ ಮೇಲೆ ಒಮ್ಮೆ ತಪ್ಪಿತು, ಮೊದಲಿನಿಂದ ಎಣಿಸಿದೆ. ಎಂಟುನೂರಕ್ಕೆ ಬಂದು ನಿಂತಿತು. ಅದೊಂದು ಚೆಂಡು. ಅಂಥ ನಾಲ್ಕನ್ನು ಸೇರಿಸಿ ಸೊಸೆ ನನ್ನ ಮುಂದೆಯೇ ಬಾಳೆಲೆಯಲ್ಲಿ ಸುತ್ತಿ “ಇದು ಅಟ್ಟೆ” ಎಂದು ಇಟ್ಟಳು. ಚಿಕ್ಕ ಮಕ್ಕಳಿಗೆ ತೋರಿಸುವ ಹಾಗೆ ನಿಧಾನವಾಗಿ ತೋರಿಸಿದಳು.

“ಈ ಮಗುವಿಗೆ ನಾನು ಅವತ್ತೇ ಹೇಳಿದ್ದೇನೆ. ಬರಕೊಂಡು ಹೋಗಿದ್ದಾಳೆ” ಎಂದರು ಬಾಯಮ್ಮ. ಹುಡುಗಿ ತಲೆ ತಗ್ಗಿಸಿದಳು. ಆ ಗೆರೆಯನ್ನು ಹೊಡೆಸಿದವನು ಇವನೇ ಎಂದು ಅವಳು ಹೇಳಲಿಲ್ಲ.

ಬಸ್‌ಸ್ಟಾಪಿನಲ್ಲಿ ನಾನೇ ಬಾಯಿಬಿಟ್ಟೆ. ಆ ಬಸ್ಸು, ಪಕ್ಕದ ಸೀಟಿನವರು, ಎಲ್ಲ ಹೇಳಿದೆ. ಚೆಂಡಿನ ಲೆಕ್ಕ ಅಟ್ಟೆಯ ತಲೆಗೆ ಹೋಗಿ ಕೂತದ್ದು ಹೀಗೆ ಎಂದೆ. ಅವಳು ನೋಟ್‌ಬುಕ್ಕು ಬಿಡಿಸಿ ಆ ಅಡ್ಡಗೆರೆಯನ್ನು ರಬ್ಬರಿನಲ್ಲಿ ಅಳಿಸಿದಳು. ಆಮೇಲೆ “ಟೇಬಲ್ ಎಲ್ಲ ಪುನಃ ಮಾಡಬೇಕು ಅಲ್ವಾ ಸರ್?” ಅಂದಳು. ಎರಡು ದಿನ ಉಳಿದಿತ್ತು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ದೇವರ ಪಟಕ್ಕೆ ಹೂ ಮುಡಿಸುತ್ತಿದ್ದಳು. “ನಾಲ್ಕು ಚೆಂಡಿಗೆ ಅಟ್ಟೆ ಅಂತ ನನಗೆ ಗೊತ್ತಿತ್ತಲ್ಲ. ಒಂದು ಮಾತು ಕೇಳಬಹುದಿತ್ತಪ್ಪ” ಅಂದಳು. ನಾನು ಊಟ ಬೇಡ ಎಂದೆ, ಆಮೇಲೆ ಹಸಿವಾಗಿ ಉಂಡೆ.

ಸೋಮವಾರ ಮಧ್ಯಾಹ್ನ ಪ್ರಬಂಧ ಬಂತು. ಎಲ್ಲ ಟೇಬಲ್ ತಿದ್ದಿದ್ದಳು. ಆಕರದ ಜಾಗದಲ್ಲಿ ಮೊದಲ ಸಲ ಬರೆದದ್ದೇ ಮತ್ತೆ ಬಂದಿತ್ತು, ದಿನಾಂಕ, ಎಣಿಸಿದ ಜಾಗ, ಎಷ್ಟು ಚೆಂಡು ಎಂಬುದರೊಡನೆ. ಎಂಟುನೂರು ಎಂದು ಮೊದಲು ಎಲ್ಲಿ ಅಚ್ಚಾಯಿತು ಎಂದು ಹೇಳುವ ಅಡಿಟಿಪ್ಪಣಿಯಲ್ಲಿ ಮಾತ್ರ ಲೇಖಕರ ಜಾಗ ಖಾಲಿ ಬಿಟ್ಟಿದ್ದಳು.

“ನಿಮ್ಮ ಹೆಸರು ಹಾಕಲಾ ಸರ್? ‘ಒಂದು ಸಂಚಿಕೆಯಲ್ಲಿ’ ಅಂತ ಬರೆದರೂ ನಡೆಯುತ್ತದೆ.”

ನಡೆಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ನಿವೃತ್ತಿಗೆ ಒಂದು ವರ್ಷ ಇತ್ತು. “ಹಾಕು” ಅಂದೆ. ಲೇಖಕರು ಈ ಸಂಖ್ಯೆಯನ್ನು ಪರಿಶೀಲಿಸಿಲ್ಲ, ಇದು ತಪ್ಪು, ಎಂದು ನಾನೇ ಹೇಳಿ ಬರೆಸಿದೆ. ಅದೇ ಪ್ರಬಂಧಕ್ಕೆ ಆಕರಗಳೆಲ್ಲ ಸರಿ ಇವೆ ಎಂದು ಸಹಿ ಹಾಕಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಅವಳು ಆಫೀಸಿನ ಕಡೆ ಓಡಿದಳು.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ಮೌಖಿಕ ಪರೀಕ್ಷೆ ಒಂದಿತ್ತು. ಅವತ್ತು ಬೆಳಿಗ್ಗೆ ಬಂದು “ಸರ್, ಒಮ್ಮೆ ಹೊರಗೆ ಬಂದು ಕೂತುಕೊಳ್ಳುತ್ತೀರಾ? ಹೆದರಿಕೆ ಆಗುತ್ತದೆ” ಅಂದಳು. ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲು ಅರ್ಧ ತೆರೆದಿತ್ತು. ಪರವೂರಿನಿಂದ ಬಂದ ಪರೀಕ್ಷಕರು ಟೇಬಲ್‌ಗಳ ಹತ್ತಿರ ಬಂದು ನಿಂತರು.

“ಅಟ್ಟೆಗೆ ಮೂರು ಸಾವಿರದ ಇನ್ನೂರು ಅಂತ ಹಾಕಿದ್ದೀರಲ್ಲಮ್ಮ? ಎಂಟುನೂರು ಅಂತ ನೆಟ್‌ನಲ್ಲೇ ಇದೆ, ನಾನು ನೋಡಿದೆ. ಪತ್ರಿಕೆಯಲ್ಲೂ ಬಂದಿದೆ. ಪ್ರಕಟವಾದ ಮಾಹಿತಿ ತಪ್ಪು, ನೀವು ಎಣಿಸಿದ್ದು ಸರಿಯಾ? ಇದು ನಿಲ್ಲದಿದ್ದರೆ ನಿಮ್ಮ ಪ್ರಬಂಧವೇ ನಿಲ್ಲುವುದಿಲ್ಲ.”

ನಾನು ಬೆಂಚಿನ ತುದಿಗೆ ಜರುಗಿದೆ. ಈ ಹುಡುಗಿ ಈಗ ‘ಆಯಿತು ಸರ್’ ಅಂದುಬಿಟ್ಟರೆ ಎಂತ ಗತಿ?

“ಅದನ್ನು ಮೊದಲು ಬರೆದವರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ಸರ್” ಅಂದಳು. “ಕರೆಯಲಾ?”

ಕರೆದರು. ಹೋಗಿ ನಿಂತೆ. ಕುರ್ಚಿ ಇತ್ತು, ಕೂರಬೇಕು ಅನ್ನಿಸಲಿಲ್ಲ. ಆ ಲೇಖನ ನನ್ನದು, ಅದರಲ್ಲಿರುವುದು ತಪ್ಪು, ಇವಳು ಎಣಿಸಿದ್ದು ಸರಿ, ನಾನೂ ಹೋಗಿ ಎಣಿಸಿದ್ದೇನೆ ಎಂದೆ. ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಅಲ್ಲ, ಆವಾಗ ನೀವು ಬರೆದಿರಲ್ಲ, ಅದಕ್ಕೆ ಆಕರ ಏನಿತ್ತು?”

ಎಷ್ಟು ಸಾವಿರ ಸಲ ನಾನು ಕೇಳಿದ ಪ್ರಶ್ನೆ! ಕೆಂಪು ಶಾಯಿಯಲ್ಲಿ, ಕಿರುಚಿ, ಮೇಜು ಕುಟ್ಟಿ ಕೇಳಿದ ಪ್ರಶ್ನೆ.

“ಬಸ್ಸಿನಲ್ಲಿ ಒಬ್ಬರು ಹೇಳಿದ್ದು” ಅಂದೆ.

ಒಳಗಿದ್ದ ನಮ್ಮ ಅಧ್ಯಾಪಕರಲ್ಲಿ ಯಾರೋ ನಕ್ಕರು. ಪರೀಕ್ಷಕರು ನಗಲಿಲ್ಲ. ಏನನ್ನೋ ಬರೆದುಕೊಂಡು “ಸರಿ, ಮುಂದಿನ ಟೇಬಲ್” ಅಂದರು. ನಾನು ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತೆ. ಕಿವಿ ಬಿಸಿಯಾಗಿತ್ತು.

ಅರ್ಧ ಗಂಟೆ ಬಿಟ್ಟು ಅವಳು ಬಂದಳು. “ಪಾಸ್ ಅಂತೆ ಸರ್” ಅಂದಳು. ಪಟ್ಟಿ ಇನ್ನೂ ಹಾಕಿರಲಿಲ್ಲ, ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದಿದ್ದಳು. ನನ್ನ ಪಕ್ಕದಲ್ಲಿ ಕೂತು ಕಾಗದಗಳನ್ನು ಬ್ಯಾಗಿಗೆ ತುಂಬಿದಳು. ಏನೋ ಕೇಳಬೇಕು ಎಂದು ಅವಳಿಗೆ ಇತ್ತು.

“ಸರ್, ಆ ಬಸ್ಸಿನವರು ತುಳುವಿನಲ್ಲಿ ಹೇಳಿದ್ದಾ?”

“ಹೌದು.”

“‘ಉಂಡು’ ಅಂದದ್ದಾ, ‘ಉಂಡುಗೆ’ ಅಂದದ್ದಾ?”

ತುಳುವಿನಲ್ಲಿ ‘ಉಂಡು’ ಅಂದರೆ ಉಂಟು. ‘ಉಂಡುಗೆ’ ಅಂದರೆ ಉಂಟಂತೆ. ಒಂದಕ್ಷರದ ವ್ಯತ್ಯಾಸ. ಕಿಟಕಿಯ ಕಡೆ ಮುಖ ಮಾಡಿದ್ದ ಆ ಮನುಷ್ಯನ ದನಿ ಕಿವಿಯಲ್ಲಿ ಸ್ಪಷ್ಟವಾಗಿ ಬಂತು. ‘ಎಣ್ಮನೂದು ಉಂಡುಗೆ.’ ಎಂಟುನೂರು ಉಂಟಂತೆ. ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಆ ಒಂದಕ್ಷರದಲ್ಲಿ ಹೇಳಿಯೇ ಹೇಳಿದ್ದರು.

“ಉಂಡುಗೆ ಅಂದದ್ದು” ಅಂದೆ.

“ಮತ್ತೆ ನೀವು ಯಾಕೆ ‘ಅಂತೆ’ ತೆಗೆದದ್ದು ಸರ್?”

ನಿಜ ಹೇಳಬೇಕಲ್ಲ. “ಅಚ್ಚಿನಲ್ಲಿ ಚಂದ ಕಾಣುವುದಿಲ್ಲ ಅಂತ ತೆಗೆದೆ.”

ಅವಳು ಬ್ಯಾಗಿನ ಜಿಪ್ ಎಳೆದು ಎದ್ದು ನಿಂತಳು. ಎಂದಿನ ‘ಆಯಿತು ಸರ್’ ಬರಲಿಲ್ಲ.

“ಚಂದಕ್ಕೆ ಅಂತ ಅಟ್ಟೆಗೆ ಮೂರು ಚೆಂಡು ಹೋಯಿತಲ್ಲ ಸರ್” ಅಂದಳು.